ಉಪ್ಪಿನಕಾಯಿ ಬುಟ್ಟಿ

ಹಸಿರು ಸೆರಗಿನ ತುಂಡು ಅಲ್ಲೇನು ಅದು — ಬಿಳಿ ಅರಿವಿ ಕೆಳಗಿಂದ ಬೆರಳಷ್ಟು ಹೊರಗ ಇಣಕಿ ನೋಡಾಕತ್ತೈತಿ, ಎಡಕಿನಿಂದ ನಾಕನೇ ಬುಟ್ಟಿ, ಕಬ್ಬಿನ ಗಣಿಕಿ ಒರಗಿಸಿದ ಕಂಬದ ಬಾಜೂಕ, ಬಾಳಮ್ಮ ಕನ್ನಡಕಾ ಮೂಗಿನ ಮ್ಯಾಲೆ ಏರಿಸಿದಳು, ಚರ್ಚಿನಾಗ ಎಲ್ಲಾರೂ ಎದ್ದು ನಿಂತು ಹಾಡಾಕತ್ತಿದ್ರು, ಆಕಿ ಬಾಯಿನೂ ಹಾಡಾಕತ್ತಿತ್ತು, ಬಾಯಿಗೇನು, ಐವತ್ತು ವರ್ಷದ ರೂಢಿ, ಮನಸ್ಸು ಇಲ್ಲದಿದ್ರೂ ತನ್ನ ಪಾಡಿಗೆ ತಾ ಹಾಡ್ತೈತಿ, ಆದ್ರ ಆ ಹಸಿರು — ಬುಟ್ಟಿ ಬಾಯಿ ಸೀಳಿತ್ತು ಅಂತ ತಾನ ಹಳೇ ಸೀರಿ ಸೆರಗು ಹರದು ಮೂರು ಸುತ್ತು ಬಿಗಿದು ಕಟ್ಟಿದ್ದಳು, ಇಡೀ ಇಂಡಿ ತಾಲೂಕಿನಾಗ ಹಂಗ ಕಟ್ಟಿದ ಬುಟ್ಟಿ ಇನ್ನೊಂದು ಇರಾಕಿಲ್ಲ, ಇದು ತನ್ನ ಉಪ್ಪಿನಕಾಯಿ ಬುಟ್ಟಿ, ಉಪ್ಪಿನಕಾಯಿಗಂತ ಲಿಂಬಿ ಕೂಡಿಡೂದು, ಅಡಗಿಮನಿ ಮೂಲ್ಯಾಗ ಇರಬೇಕಾದ ಬುಟ್ಟಿ, ಇಲ್ಲಿ ದೇವರ ಮುಂದ ಬಿಳಿ ಅರಿವಿ ಹೊದ್ದು ಕುಂತು ಏನು ಮಾಡಾಕತ್ತೈತಿ, ಯಪ್ಪಾ ದೇವರ, ಅದರ ತಳದಾಗ ಅವ್ವನ ಪಾಟ್ಲಿ ಅದಾವ! ಎರಡು ಬಂಗಾರದ ಪಾಟ್ಲಿ ಬಳಿ, ಹಳೇ ಕರವಸ್ತ್ರದಾಗ ಗಂಟು ಕಟ್ಟಿ, ಹಣ್ಣಾದ ಲಿಂಬಿಕಾಯಿ ಕೆಳಗ ತಾನ ತುರುಕಿ ಇಟ್ಟದ್ದು, ನಿನ್ನಿ ಸಂಜಿಗೆ, ಇದ ಕೈಲೆ. ಹಾಡು ಮುಗೀತು, ಎಲ್ಲಾರೂ ಕುಂತ್ರು, ಬಾಳಮ್ಮ ಒಬ್ಬಾಕಿನ ನಿಂತಿದ್ದಳು, ಹಿಂದಿನ ಸಾಲಿನ ಸುನಂದಾ ಸೆರಗು ಜಗ್ಗಿ ಕುಂದರ್ರಿ ಅಕ್ಕಾರ ಅಂದಮ್ಯಾಲೆ ಕುಂತಳು, ಮೈ ಕುಂತಿತು, ಜೀವ ಕುಂದರಲಿಲ್ಲ.

ತಪ್ಪು ಯಾರದು, ಯಾರ ಮ್ಯಾಲೆ ಸಿಟ್ಟು ಮಾಡೂದು — ಅಗರಖೇಡದಾಗ ಹೋದ ವಾರ ಎರಡು ಮನಿ ಕಳುವಾದ್ವು, ಎರಡೂ ಕಡೆ ಕಪಾಟ ಮುರದಿದ್ರಂತ, ಜ್ವಾಳದ ಚೀಲಾ ಸೈತ ಕೊಡವಿ ನೋಡಿದ್ರಂತ, ಆ ಸುದ್ದಿ ಕೇಳಿದಾಗಿಂದ ಬಾಳಮ್ಮಗ ಉಂಡ ಅನ್ನ ಮೈಗೆ ಹತ್ತಲಿಲ್ಲ, ಪಾಟ್ಲಿ ಕೈಯಾಗಿಂದ ತಗದಳು, ಕಪಾಟಿನಾಗ ಇಟ್ಟಳು, ತಗದಳು, ಗಾದಿ ಕೆಳಗ ಇಟ್ಟಳು, ತಗದಳು, ಕಡೀಕ ತಲಿ ಓಡಿತು, ಲಿಂಬಿ ತ್ವಾಟದವರ ಮನ್ಯಾಗ ಲಿಂಬಿಕಾಯಿ ಬುಟ್ಟಿಗೆ ಯಾವ ಕಳ್ಳ ಕೈ ಹಾಕ್ಯಾನು, ಅದೂ ಪ್ಯಾಟಿಗೆ ಹೋಗಲಾರದ, ಹಣ್ಣಾಗಿ ಮೆತ್ತಗಾದ ಕಾಯಿ ಬುಟ್ಟಿಗೆ, ಭಾಳ ಶಾಣ್ಯಾಕಿ ಇದ್ದಿ ಬಾಳವ್ವಾ ಅಂತ ತನಗ ತಾನ ಶಾಭಾಸಕಿ ಕೊಟಗೊಂಡಿದ್ದಳು. ಕಳ್ಳರ ಕೈಗೆ ಸಿಗಲಾರದ ಜಾಗದಾಗ ನಿಮ್ಮ ಗಂಟು ಇಡ್ರಿ ಅಂತ ಚರ್ಚಿನ ಅಯ್ನೋರು ವರ್ಷಾನುಗಟ್ಟಲೆ ಹೇಳಾಕತ್ತಾರ, ಅವರು ಹೇಳೂ ಜಾಗ ಪರಲೋಕ, ಬಾಳಮ್ಮ ಹುಡುಕಿದ ಜಾಗ ಲಿಂಬಿಕಾಯಿ ಬುಟ್ಟಿ! ನಗು ಬಂತು, ಇಂಥಾ ಹೊತ್ತಿನಾಗ ನಗು ಬರ್ತೈತಲ್ಲ ಅಂತ ಸಿಟ್ಟೂ ಬಂತು, ಬೆಳಿ ಹಬ್ಬಕ್ಕಂತ ಬ್ಯಾರೆ ಬುಟ್ಟಿನ ಸಜ್ಜು ಮಾಡಿದ್ದಳಲ್ಲ, ಹೊಸಾ ಬುಟ್ಟಿ, ಒಂದೊಂದು ಕಾಯಿ ಆರಿಸಿ ಒರಸಿ ತುಂಬಿದ್ದು, ಅಗೋ ಅದೂ ಐತಿ, ಎರಡನೇದು, ಹಂಗಾರ ಎರಡು ಬುಟ್ಟಿ ಅಂದಿದ್ದು ಇದಕ್ಕನ — ಗಂಡಸರ ಕಡಿ ಮೂರನೇ ಸಾಲಿನಾಗ ಬಿಳೀ ಟೊಪಗಿ ತೊಡಿ ಮ್ಯಾಲೆ ಇಟಗೊಂಡು ಕುಂತಾರಲ್ಲ, ಮನಿಯವರು, ಶ್ರೀಶೈಲಪ್ಪ, ಹೆಸರು ಕೇಳಿ ಹೊಸಬರು ಹುಬ್ಬು ಏರಿಸ್ತಾರ, ಅಜ್ಜನ ಕಾಲಕ್ಕ ಮನಿಗೆ ಏಸುವಿನ ನಂಬಿಕಿ ಬಂತು, ಹೆಸರು ಬದಲಿ ಮಾಡೂ ಉಸಾಬರಿ ಯಾರಿಗೂ ಬೇಕಾಗಲಿಲ್ಲ, ಅವರದ ಈ ಕಾರಭಾರ. ಮುಂಜಾನೆ ಆಕಿ ಜಳಕಾ ಮಾಡಿ ಬರೂದರಾಗ ಅವರು ತಾವೊಬ್ಬರೇ ತ್ವಾಟಕ್ಕ ಹೋಗಿ ಬಂದಿದ್ರು, ವರ್ಷಾತು ಅವರು ಒಬ್ಬರೇ ತ್ವಾಟಕ್ಕ ಹೋಗಿ, ಧೋತರಕ್ಕ ಮುಳ್ಳು ಚುಚ್ಚಿ ಹರದಿತ್ತು, ಮಾರಿ ಮಾತ್ರ ಅರಳಿತ್ತು, ನನ್ನ ಕೈಯಾರೆ ಹರಕೊಂಡು ಬಂದೀನಿ ನೋಡು, ಎಲಿ ಸಮೇತ, ಹೋದ ವರ್ಷ ನಮ್ಮ ಪಾಲಿಂದು ದೇವರ ಮುಂದ ಬಂದಿರಲಿಲ್ಲಲ್ಲ, ಅದನ್ನೂ ಕೂಡಿಸಿ ಎರಡು ಬುಟ್ಟಿ ಕಳಿಸೀನಿ ಟಂಟಂ ಗಾಡ್ಯಾಗ, ಅಂದ್ರು. ಆಕಿ ಕಣ್ಣಾಗ ನೀರು ತಂದಕೊಂಡು ಭಾಳ ಛಲೋ ಮಾಡಿದ್ರಿ ಅಂದಳು. ಯಾವ ಬುಟ್ಟ್ಯಾಗ ಹಾಕಿದ್ರಿ ಅಂತ ಒಂದು ಮಾತು ಕೇಳಲಿಲ್ಲ, ಯಾಕ ಕೇಳಬೇಕು, ಆ ಮಾರಿ ನೋಡಿದವರು ಬುಟ್ಟಿ ವಿಚಾರ ಮಾಡ್ತಾರೇನು. ಅಡಗಿಮನಿ ಮೂಲ್ಯಾಗ ಅರ್ಧಾ ತುಂಬಿದ ಬುಟ್ಟಿ ಕಂಡಿರಬೇಕು, ಹೆಂಡತಿ ಆರಿಸಿಟ್ಟ ಬುಟ್ಟಿ ಕೆದರಿದ್ರ ಬೈತಾಳ ಅಂತ ಅಂಜಿ, ಇದರ ಮ್ಯಾಲೆ ತಮ್ಮ ಹೊಸಾ ಕಾಯಿ ಸುರುವಿರಬೇಕು, ಪಾಪ.

ಅರಿವಿ ಒಂದು ಬಾಜೂ ಜಾರೇತಿ, ಒಂದು ಕಾಯಿ ಹೊರಗ ಕಾಣ್ತೈತಿ, ಕಡುಹಸಿರಿನ ಕಾಯಿ, ತೊಟ್ಟಿಗೆ ಎರಡು ಎಲಿ, ಅವರು ಹರದ ಕಾಯಿ ಅದು, ಆಕಿಗೆ ಗೊತ್ತು, ಅವರು ಯಾವಾಗ್ಲೂ ತೊಟ್ಟು ಬಿಟ್ಟು ಎಲಿ ಹಿಡದು ಹರೀತಾರ, ಮದುವಿ ಆದ ಹೊಸದಾಗ ಆಕಿ ತಲ್ಯಾಗ ಮುಡಕೋ ಅಂತ ಹಂಗ ಎರಡು ಎಲಿ ಇಟ್ಟು ಒಂದು ಕಾಯಿ ತಂದು ಕೊಟ್ಟಿದ್ರು, ಹೂವ ಸಿಗಲಿಲ್ಲೇನ್ರಿ ಅಂತ ಆಕಿ ನಕ್ಕಿದ್ದಳು. ಆ ಕೈ ಹೋದ ವರ್ಷ ಇದ ಹಬ್ಬದ ಮುಂದ ಎದಿ ಹಿಡಕೊಂಡು ಗಿಡದ ಬುಡಕ್ಕ ಬಿದ್ದಿತ್ತು, ವಿಜಯಪುರದ ದವಾಖಾನಿ, ಗಾಜಿನ ಬಾಗಲಾ, ಒಳಗ ಒಬ್ಬಾಕಿ ನರ್ಸು, ಗೇಣು ಎತ್ತರದ ಹುಡುಗಿ, ಸ್ಟೂಲಿನ ಮ್ಯಾಲೆ ಹತ್ತಿ ನಿಂತು ಎರಡೂ ಕೈಲೆ ಅವರ ಎದಿ ಒತ್ತಾಕತ್ತಿದ್ದಳು, ಒತ್ತಾಕತ್ತಿದ್ದಳು, ಹಣಿ ಬೆವರು ಅವರ ಮ್ಯಾಲ ಬೀಳಾಕತ್ತಿತ್ತು, ಬಾಳಮ್ಮ ಹೊರಗ ನಿಂತು ಗಾಜಿಗೆ ಕೈ ಹಚ್ಚಿದ್ದಳು, ಪಾಟ್ಲಿ ಗಾಜಿಗೆ ಬಡದು ಠಣ್ ಅಂತು, ಆವಾಗನ ಬಾಯಿಂದ ಹೊರಬಿತ್ತು ಆ ಮಾತು, ತಂದೀ, ಇವರನ್ನ ತಿರುಗಿ ಕೊಡು, ಈ ಪಾಟ್ಲಿ ನಿನಗ ಕೊಡ್ತೇನಿ. ಕೊಟ್ಟಾ ಅವ. ಹತ್ತನೇ ದಿನಕ್ಕ ಅವರು ಕಣ್ಣು ತಗದು ಒಂದೀಟು ಮಜ್ಜಿಗಿ ಕೊಡು ಅಂದ್ರು, ಲೋಕದಾಗ ಅದಕ್ಕಿಂತ ಛಲೋ ಮಾತು ಬಾಳಮ್ಮ ಕೇಳಿಲ್ಲ. ಆಮ್ಯಾಲೆ ಮನಿಗೆ ಬಂದು ವಾರ ಆತು, ತಿಂಗಳಾತು, ಪಾಟ್ಲಿ ಕೈಯಾಗನ ಉಳದ್ವು, ಮನಸ್ಸು ಚುಚ್ಚಾಕ ಹತ್ತಿದಾಗ ಅಯ್ನೋರ ಹಂತ್ಯಾಕ ಹೋಗಿ ಎಲ್ಲಾ ಹೇಳಿದಳು, ಅವರು ನಕ್ಕು, ನಮ್ಮೊಳಗ ಹರಕಿ ಅನ್ನೂದಿಲ್ರಿ ಬಾಳಮ್ಮಾರ, ದೇವರು ನಿಮ್ಮ ಪಾಟ್ಲಿ ನೋಡಿ ನಿಮ್ಮ ಗಂಡನ್ನ ಉಳಿಸಿಲ್ಲ, ಸುಮ್ನ ಉಳಿಸ್ಯಾನ, ಅಂದ್ರು, ಅಬ್ಬಾ, ಎಷ್ಟು ಹಗುರಾತು, ಸುಮ್ನ ಅಂದ್ರ ಸುಮ್ನ, ದೇವರ ಮನುಷ್ಯಾನ ಹೇಳಿದಮ್ಯಾಲೆ ಮುಗೀತು, ಬರೂವಾಗ ದಾರಿ ತುಂಬ ಪಾಟ್ಲಿ ಸವರಕೋತ ಬಂದಳು. ಅಯ್ನೋರು ಇನ್ನೊಂದು ಮಾತೂ ಹೇಳಿದ್ರು, ಬಾಗಲತನಕ ಬಂದು ಹೇಳಿದ್ರು, ಅಂಜಿ ಕೊಡಬ್ಯಾಡ್ರಿ, ಎಂದರ ಒಂದು ದಿನ ಖುಷಿಲೆ ಕೊಡಬೇಕು ಅನಿಸಿದ್ರ ಆವತ್ತ ತಡೀಬ್ಯಾಡ್ರಿ, ಆ ಮಾತನ್ನ ಬಾಳಮ್ಮ ಚಪ್ಪಲ್ಯಾಗ ಕಾಲು ಇಡಕೋತ ಕೇಳಿದ್ದಳು, ಅಲ್ಲೇ ಬಿಟ್ಟು ಬಂದಿದ್ದಳು.

ಪಾಟ್ಲಿ ಅಂದ್ರ ಬರೇ ಬಂಗಾರ ಆಗಿದ್ರ ಆ ಮಾತು ಬ್ಯಾರೆ, ಅವು ಅವ್ವನವು — ಅವ್ವ ತಾಳಿಕೋಟಿಯಾಗ ಹೆರಿಗಿ ಮಾಡಸಾಕ ಹೋಗೂವಾಕಿ, ಮುದ್ದೇಬಿಹಾಳದತನಕ ಕರಿ ಬರ್ತಿತ್ತು, ಬಸ್ಸು ಇದ್ರ ಬಸ್ಸು, ಇಲ್ಲಂದ್ರ ನಡಿಗಿ, ಕೂಸು ಕೈಗೆ ತಗೊಳ್ಳೂ ಮೊದಲ ಪಾಟ್ಲಿ ತಗದು ಸೊಂಟಕ್ಕ ಸಿಗಿಸಿ, ಕೂಸಿನ ಮೈ ತರಚಬಾರದು ಅಂತ, ಅವ್ವನ ಕೈಯಾಗ ಬಿದ್ದ ಕೂಸುಗೋಳು ಈಗ ಅಜ್ಜ ಅಜ್ಜಿ ಆಗ್ಯಾರ. ಕಡೀ ದಿನ ಅವ್ವ ಸಾಬೂನಿನ ನೊರಿ ಹಚ್ಚಿಸಿಕೊಂಡು ತಾನ ತಗದಳು, ಬಾತ ಕೈಯಾಗಿಂದ ಒಂದೊಂದ, ಬಾಳಮ್ಮನ ಕೈಗೆ ಏರಿಸಿ, ನಾ ಹೋಗೂ ಮನ್ಯಾಗ ಇವು ಬೇಕಾಗೂದಿಲ್ಲ, ನಿನಗೂ ಒಂದಿನ ಬೇಕಾಗೂದಿಲ್ಲ, ಅಲ್ಲಿತನಕ ಹಾಕ್ಕೋ, ಅಂದಳು, ಅಂದು ನಕ್ಕಳು, ಹಲ್ಲಿಲ್ಲದ ಬಾಯಿ, ಸಾಯೂವಾಗ ಹಂಗ ನಕ್ಕವರನ್ನ ಬಾಳಮ್ಮ ಆಮ್ಯಾಲೆ ಕಂಡಿಲ್ಲ. ಈಗ ಕೈ ನೋಡಿಕೊಂಡಳು, ಪಾಟ್ಲಿ ಇದ್ದ ಜಾಗದಾಗ ಬಿಸಲು ಕಾಣದ ಬಿಳೀ ಪಟ್ಟಿ, ಎರಡೂ ಕೈಯಾಗ, ಅದನ್ನ ಸೆರಗಿಲೆ ಮುಚ್ಚಿದಳು.

ಅಯ್ನೋರು ಪ್ರಾರ್ಥನಾ ಮುಗಿಸಿದ್ರು, ಬರ್ರಿ, ಒಳಗ ಬರ್ರಿ ಅಂತ ಬಾಗಲ ಕಡಿ ಕೈ ಮಾಡಿದ್ರು. ಬ್ಯಾರೆ ಕಡೆ ಬೆಳಿ ಹಬ್ಬದಾಗ ದೇವರ ಮುಂದ ಇಟ್ಟದ್ದನ್ನ ಹೆಚ್ಚಿಗೆ ಕೂಗಿದವರಿಗೆ ಲಿಲಾವು ಮಾಡ್ತಾರ, ಇಲ್ಲೂ ಮೊದಲ ಮಾಡ್ತಿದ್ರು, ಒಂದು ಕುಂಬಳಕಾಯಿ ಸಲುವಾಗಿ ಸಿಂದಗಿ ಮನೆತನದವರಿಗೂ ಬಾಗೇವಾಡಿ ಮನೆತನದವರಿಗೂ ಜಿದ್ದು ಬಿದ್ದು ಎರಡು ವರ್ಷ ಮಾತು ಬಿಟ್ಟಿದ್ರು, ಆವಾಗ ಅಯ್ನೋರು ಲಿಲಾವು ಬಂದ ಮಾಡಿದ್ರು, ಈಗ ಎಲ್ಲಾ ಬುಟ್ಟಿಗೂ ಒಂದ ನಮೂನಿ ಬಿಳಿ ಅರಿವಿ, ಯಾರದು ಯಾವುದು ಅಂತ ಬಾಯಿ ಬಿಡಬಾರದು, ವರ್ಷಿಡೀ ಮಂದಿ ಹೊಲದಾಗ ದುಡದು ತಮ್ಮದಂತ ಒಂದು ಗುಂಟೆ ಇಲ್ಲದವರನ್ನ ಕರೀತಾರ, ಯಾರರ ಆಗಿರಲಿ, ಯಾವ ದೇವರಿಗರ ಕೈ ಮುಗೀಲಿ, ಸಾಲಾಗಿ ಬಂದು ಎದುರಿಗೆ ಬಂದ ಬುಟ್ಟಿ ಎತಗೊಂಡು ಹೋಗೂದು. ಬಂದ್ರು, ಏಳು ಬುಟ್ಟಿಗೆ ಏಳು ಮಂದಿ, ಬಾಳಮ್ಮ ಬೆರಳು ಮಡಚಿದಳು, ಒಂದು, ಎರಡು, ಮೂರು, ನಾಕನೇದವ ಭೀಮು! ಗೊಳಸಂಗಿಯಿಂದ ಬಂದು ಇಲ್ಲಿ ದ್ರಾಕ್ಷಿ ತ್ವಾಟಾ ಕಾಯೂ ಭೀಮು, ಕಾಯೂದಂದ್ರ ಗಿಡದ ನೆರಳಿಗೆ ಗೊರಕಿ ಹೊಡಿಯೂದು, ಅವನ ಪಾಲಿಗೆ ಬಂತಲ್ಲೋ ಅವ್ವನ ಪಾಟ್ಲಿ, ಬುಟ್ಟಿ ಮನಿಗೆ ಹೋಗೂದರಾಗ ಹಾದ್ಯಾಗ ನಾಕು ಮಂದಿಗೆ ಹಂಚಿ, ಉಳದದ್ದು ಎಮ್ಮಿಗೆ ಹಾಕ್ತಾನ, ಗಂಟು ಸೈತ! ಎದ್ದು ನಿಂದರಲಿ, ಒಂದ ಮಾತು, ಅಯ್ನೋರ, ಅದರಾಗ ನಂದೊಂದು ಗಂಟು ಉಳದೈತಿ ಅಂದ್ರ ಯಾರು ಬ್ಯಾಡ ಅಂತಾರ, ತಪ್ಪು ಆಗೂದಿಲ್ಲೇನು ಮನುಷ್ಯಾಗ, ಆದ್ರ ಮನಿಯವರು, ಅವರ ಎಲಿ ಇಟ್ಟು ಹರದ ಕಾಯಿ ಎಲ್ಲಾ ನೆಲಕ್ಕ ಸುರುವಬೇಕು, ಇಷ್ಟು ಮಂದಿ ಮುಂದ, ಅವರ ಮಾರಿ ಹೆಂಗಾದೀತು — ಅಷ್ಟರಾಗ ಅಯ್ನೋರು, ವಯಸ್ಸಾದವರು ಮುಂದ ಬರ್ರಿ ಅಂದ್ರು, ಭೀಮು ಹಿಂದ ಸರದ, ಅವನ ಜಾಗಕ್ಕ ಹಸಿರು ಬುರ್ಖಾ ಮುದುಡಿಕೊಂಡು ಒಬ್ಬಾಕಿ ಬಂದು ನಿಂತಳು, ತಲಿ ಎತ್ತಿದಳು, ರಹಿಮಾಬಿ.

ರಹಿಮಾ, ತಮ್ಮ ತ್ವಾಟದ ರಹಿಮಾ, ಇಪ್ಪತ್ತು ವರ್ಷಾತು ಲಿಂಬಿಕಾಯಿ ಹರಿಯಾಕ ಬರಾಕತ್ತು, ಮೊಳಕೈತನಕ ಮುಳ್ಳಿನ ಗೀರು, ಬಾಳಮ್ಮನ ಎದಿ ಭಾರ ಒಮ್ಮೆಲೆ ಇಳೀತು, ಹೋಗ್ಲಿ ಬಿಡು, ಹೋಗೂ ಕಡಿನ ಹೋತು, ಆಕಿ ಮನಿಗೆ ಹೋಗಿ ಬುಟ್ಟಿ ಸುರುವ್ತಾಳ, ಗಂಟು ಬಿಚ್ಚತಾಳ, ಇಪ್ಪತ್ತು ವರ್ಷ ನನ್ನ ಕೈಯಾಗ ನೋಡಿದ ಪಾಟ್ಲಿ ಗುರುತು ಸಿಗೂದಿಲ್ಲೇನು, ಸಂಜಿ ಚಹಾದ ಹೊತ್ತಿಗೆ ಬಾಗಲಕ್ಕ ಬಂದು ನಿಂದರ್ತಾಳ, ಅಕ್ಕಾರ, ನಿಮ್ಮವು ತಗೋರಿ ಅಂತಾಳ, ಒಂದು ಗುಂಜಿ ಕಡಿಮಿ ಆಗೂದಿಲ್ಲ, ದೇವರ ನೀ ದೊಡ್ಡಾಂವ — ಅಂದಳು, ಅಂದಾಕಿ ಅಲ್ಲೇ ತಡದಳು. ಪಾಟ್ಲಿ ಉಳದ್ವು ಅಂತ ಅವಗ ಕೈ ಮುಗಿಯಾಕತ್ತೀನಿ ನಾನು, ಗಂಡ ಉಳದದ್ದಕ್ಕ ಇಷ್ಟು ಜೋರ ಮುಗಿದಿದ್ನೇನು? ಗಿಡದ ಬುಡಕ್ಕ ಅವರು ಬಿದ್ದದ್ದು ಮೊದಲ ಕಂಡಾಕಿ ಯಾರು, ಈಕಿನ, ಒದರಿಕೋತ ರಸ್ತಾಕ್ಕ ಓಡಿ ಗಾಡಿ ನಿಲ್ಲಿಸಿದಾಕಿ ಈಕಿನ, ಆಮ್ಯಾಲೆ ಇಪ್ಪತ್ತು ದಿನ ನಾವು ದವಾಖಾನ್ಯಾಗ ಇದ್ದಾಗ ಗಿಡಕ್ಕ ನೀರು ಬಿಟ್ಟಾಕಿ, ಹರದ ಕಾಯಿಗೆ ಕಾವಲ ಕುಂತಾಕಿ, ಬಂದು ನೋಡಿದ್ರ ಒಂದು ಗಿಡ ಬಾಡಿರಲಿಲ್ಲ, ಇಪ್ಪತ್ತು ದಿನದ ಪಗಾರ ಕೊಡಾಕ ಹೋದ್ರ ಕೈ ಹಿಂದ ತಗೊಂಡಳು, ಅಣ್ಣಾರು ಎದ್ದು ಬಂದ್ರಲ್ಲ, ಅಷ್ಟ ಸಾಕ್ರಿ ಅಕ್ಕಾರ. ಸುಮ್ನ. ಆಕಿನೂ ಸುಮ್ನ ಮಾಡಿದ್ದಳು. ಆಕಿ ಮಗಳು ಕೌಸರ, ವಿಜಯಪುರದಾಗ ನರ್ಸಿಂಗ್ ಕಲಿಯಾಕತ್ತಿದ್ದಳು, ಒಂದು ವರ್ಷದ ಸಾಲಿ ಆತು, ಮುಂದಿನ ವರ್ಷದ ಫೀ ನೀಗಲಿಲ್ಲ, ಬಿಡಿಸಿಕೊಂಡು ಬಂದಾಳ, ಮೊನ್ನಿಯಿಂದ ಆ ಹುಡುಗಿನೂ ತ್ವಾಟಕ್ಕ ಬರಾಕತ್ತೈತಿ, ಬಿಳೀ ಯೂನಿಫಾರಂ ಮ್ಯಾಲಿನ ಗುಂಡಿ ಬಿಚ್ಚಿ ಹಳೇ ಅಂಗಿಗೆ ಹಚ್ಚಿಕೊಂಡೈತಿ, ಮುಳ್ಳು ಚುಚ್ಚಿದ್ರ ತಾನ ಒರಸಿ ಪಟ್ಟಿ ಕಟಗೋತೈತಿ, ಅಚ್ಚುಕಟ್ಟಾಗಿ, ಆ ದವಾಖಾನಿ ನರ್ಸು ಕಟ್ಟಿದಂಗನ. ಬಾಳಮ್ಮ ಅದನ್ನ ನೋಡಿ ಪಾಪ ಅಂದಿದ್ದಳು, ಅಂದು ಚಹಾ ಕೊಟ್ಟಿದ್ದಳು, ಪಾಪ ಅನ್ನಾಕ ಏನು ಹೋಗಬೇಕು.

ಮುಂದಿನ ಮೂರೂ ಮಂದಿ ಬುಟ್ಟಿ ಎತಗೊಂಡು ನಡದ್ರು, ಶೇಂಗಾ ಹೋತು, ಹೊಸಾ ಬುಟ್ಟಿ ಹೋತು, ಉಳ್ಳಾಗಡ್ಡಿ ಹೋತು, ರಹಿಮಾಬಿ ಬಗ್ಗಿದಳು, ಎರಡೂ ಕೈ ಹಾಕಿದಳು, ತಲಿ ಮ್ಯಾಲೆ ಸಿಂಬಿ ಇಟಗೊಂಡಳು, ತುಂಬಿದ ಬುಟ್ಟಿ, ಒಬ್ಬರ ಕೈಲೆ ಏಳೂದಿಲ್ಲ, ಯಾರರ ಒಂದು ಕೈ ಹಚ್ಚರೀ ಅಂತ ಅತ್ತಾಗ ಇತ್ತಾಗ ನೋಡಿದಳು, ಆಕಿ ಕಣ್ಣಿಗೆ ಬಾಳಮ್ಮ ಬಿದ್ದಳು — ಬಾಳಮ್ಮ ಯಾವಾಗ ಎದ್ದಳು, ಯಾವಾಗ ನಡದಳು, ಕಾಲಿಗೆ ಜಮಖಾನಿ ತಾಗಿದ್ದು ಗೊತ್ತು, ಶ್ರೀಶೈಲಪ್ಪ ಹೊಳ್ಳಿ ನೋಡಿದ್ದು ಗೊತ್ತು, ಅವರ ಮಾರಿ ಅರಳಿತ್ತು, ತಮ್ಮ ಕಾಯಿ ಹೊಂಟದ್ದು ನೋಡಿ, ಅವರಿಗೇನು ಗೊತ್ತು, ಮನಿಗೆ ಹೋಗಿ ಹೇಳಬೇಕು, ಮೊದಲ ಎದಿ ಮ್ಯಾಲೆ ಕೈ ಇಟಗೊಂಡು ಕುಂದರ್ತಾರ, ಆಮ್ಯಾಲೆ ನಗ್ತಾರ, ಹೊಟ್ಟಿ ಹಿಡಕೊಂಡು ನಗ್ತಾರ. ಬಾಳಮ್ಮ ಹಸಿರು ಸೆರಗಿನ ಗಂಟಿಗೆ ಕೈ ಹಾಕಿದಳು, ಬೆರಳು ಹಂಗ ಒಳಗ ಹೋದ್ವು, ಕಾಯಿ ನಡುವ, ತಣ್ಣಗ, ಇನ್ನೊಂದು ಗೇಣು ಹೋದ್ರ ಸಿಗ್ತಾವ, ಈಗೂ ಸಿಗ್ತಾವ, ಯಾರೂ ನೋಡಾಕತ್ತಿಲ್ಲ, ಬೆರಳು ನಿಂತ್ವು. ಅವ್ವ ಕೂಸು ತಗೊಳ್ಳೂ ಮೊದಲ ಪಾಟ್ಲಿ ತಗದು ಇಡ್ತಿದ್ದಳು. ಕೈ ಹೊರಗ ಬಂತು, ಬರೇ ಕೈ, ಲಿಂಬಿ ವಾಸನಿ ಹತ್ತಿದ್ದು. ರಹಿಮಾ, ತಳದಾಗ ಇರೂದೂ ನಿಂದ, ಅಂದಳು ಸಣ್ಣ ದನಿಲೆ. ಹೌದ್ರಿ ಅಕ್ಕಾರ, ತಳದಾಗ ಹಣ್ಣಾದವು ಇರ್ತಾವ, ಒಂದೂ ಕೆಡಸೂದಿಲ್ರಿ, ಉಪ್ಪಿನಕಾಯಿ ಹಾಕ್ತೇನಿ. ಬಾಳಮ್ಮಗ ನಗು ಉಕ್ಕಿ ಬಂತು, ಕಣ್ಣೀರೂ ಬಂತು, ಎರಡೂ ಒಮ್ಮೆಲೆ, ಉಪ್ಪಿನಕಾಯಿ ಅಲ್ಲವಾ, ಒಂದು ಗಂಟು ಐತಿ, ಅದು ಕೌಸರಂದು, ಆಕಿನ್ನ ಸಾಲಿಗೆ ಹೊಳ್ಳಿ ಕಳಸು, ಸಂಜಿಕ ನನ್ನ ಬಾಗಲಕ್ಕ ತಗೊಂಡು ಬಂದಿ ಅಂದ್ರ ನಿನ್ನ ಮಾತಾಡಸೂದಿಲ್ಲ ನೋಡು, ಏಸುವಿನ ಆಣಿ — ಆಣಿ ಹಾಕಬಾರದು, ಹಾಕಿದಳು, ಅವ ತಿಳಕೋತಾನ. ರಹಿಮಾಬಿ ಬಾಯಿ ತಗದಳು, ಬುಟ್ಟಿ ಅಷ್ಟರಾಗ ತಲಿಗೆ ಏರಿತ್ತು, ಏನ್ರಿ ಅಕ್ಕಾರ, ಏನು ಗಂಟ್ರಿ ಅಂದಳು, ನಡಿ ನಡಿ, ಹಿಂದ ಮಂದಿ ನಿಂತಾರ ನಡಿ. ನಡದಳು. ಬಾಳಮ್ಮ ನಿಂತಲ್ಲೇ ನಿಂತಳು, ಸೆರಗು ಜಾರಿತ್ತು, ಕೈ ಮ್ಯಾಲಿನ ಬಿಳೀ ಪಟ್ಟಿ ಎಲ್ಲಾರಿಗೂ ಕಾಣ್ತಿತ್ತು, ಕಾಣಲಿ, ಎಷ್ಟು ಹಗುರ ಅದಾವ ಕೈ, ಸುಮ್ನ ಕೊಟ್ಟಾನ, ಸುಮ್ನ ಕೊಟ್ಟೆ, ಮಜ್ಜಿಗಿ ಕೊಡು ಅಂದ್ರಲ್ಲ ಆವತ್ತ, ಇವತ್ತು ಮನಿಗೆ ಹೋಗಿ ಮಜ್ಜಿಗಿ ಕಡೀಬೇಕು, ಬರೇ ಕೈಲೆ — ಬಾಗಲದಾಗ ಬಿಸಲು, ಬಿಸಲಾಗ ರಹಿಮಾಬಿ, ಆಕಿ ತಲಿ ಮ್ಯಾಲೆ ಬುಟ್ಟಿ, ಜಾರಿದ ಅರಿವಿ ಬಾಜೂಕ ಆ ಒಂದು ಕಾಯಿ, ಹೆಜ್ಜಿಗೊಮ್ಮೆ ಅಲಗಾಡಾಕತ್ತೈತಿ, ಬೀಳೂದಿಲ್ಲ, ಒಂದು ಕಾಯಿ, ಎರಡು ಎಲಿ — ಎರಡು ಎಲಿ.